ಚಿಕ್ಕೋಡಿಯವರು ಗೆಲ್ತಾರಾ ಅಂತ ಕೇಳಿದ್ರಲ್ಲ, ಅಪ್ಪ

ಡೆಟ್ರಾಯಿಟ್
18 ಜನವರಿ 2026

ಅಪ್ಪ, ಅವ್ವ,

ಸಂಕ್ರಾಂತಿಯ ಎಳ್ಳು-ಬೆಲ್ಲದ ಫೋಟೊ ಬಂತು. ಇಲ್ಲಿ ಕಿಟಕಿ ಹೊರಗೆ ಬರೀ ಹಿಮ. ನಾಳೆ ಮಾರ್ಟಿನ್ ಲೂಥರ್ ಕಿಂಗ್ ದಿನ, ರಜೆ. ಅದಕ್ಕೇ ಇವತ್ತು ಕೂತು ಉದ್ದಕ್ಕೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣ ಅಂದ್ರೆ ಅಪ್ಪ ಎರಡು ನಿಮಿಷಕ್ಕೆ "ಆಯ್ತು, ಬಿಲ್ ಬರುತ್ತೆ, ಇಡು" ಅಂತಾರೆ. ವಾಟ್ಸಾಪ್ ಕಾಲಿಗೆ ಬಿಲ್ ಬರಲ್ಲ ಅಂತ ಎಷ್ಟು ಸಲ ಹೇಳೋದು.

ಅಪ್ಪ ಕೇಳಿದ್ದು, ನಮ್ಮ ಚಿಕ್ಕೋಡಿಯವರು ಈ ಸಲವೂ ಗೆಲ್ತಾರಾ ಅಂತ. ಅಂದ್ರೆ ಶ್ರೀ ಠಾಣೇದಾರ್, ಡೆಟ್ರಾಯಿಟಿನಿಂದ ಅಮೆರಿಕದ ಸಂಸತ್ತಿನ ಕೆಳಮನೆಗೆ ಗೆದ್ದಿರೋ ಡೆಮಾಕ್ರಟಿಕ್ ಪಕ್ಷದವರು. ನೀವು ಮೆಸೇಜಿನಲ್ಲಿ "ಶ್ರೀ ಶ್ರೀ ಠಾಣೇದಾರ್" ಅಂತ ಬರೆದಿದ್ದೀರಿ, ಯಾವುದೋ ಮಠದ ಸ್ವಾಮಿಗಳು ಅನ್ನಿಸ್ತು. ಶ್ರೀ ಅನ್ನೋದೇ ಅವರ ಹೆಸರು. ಇನ್ನು ಅವರು ಕನ್ನಡದವರೋ ಮರಾಠಿಯವರೋ ಅಂತ ಪಕ್ಕದ ಮನೆ ಕಾಕಾ ಜೊತೆ ಜಗಳ ಆಡಬೇಡಿ. ಹುಟ್ಟಿದ್ದು ಚಿಕ್ಕೋಡಿ, ಬೆಳೆದದ್ದು ಬೆಳಗಾವಿ, ಮನೆಮಾತು ಮರಾಠಿ. ನಮ್ಮೂರಲ್ಲಿ ಇಷ್ಟಕ್ಕೇ ಬಸ್ಸಿಗೆ ಕಲ್ಲು ಬೀಳುತ್ತೆ. ಡೆಟ್ರಾಯಿಟಿನಲ್ಲಿ ಇದು ಯಾರಿಗೂ ಗೊತ್ತಿಲ್ಲ, ಯಾರಿಗೂ ಬೇಕಾಗಿಲ್ಲ.

ಮೊದಲೇ ಹೇಳಿಬಿಡ್ತೀನಿ, ನನಗೆ ಓಟಿಲ್ಲ. ಎಚ್-1ಬಿ ಅನ್ನೋ ಕೆಲಸದ ವೀಸಾದವರಿಗೆ ಓಟಿಲ್ಲ, ತೆರಿಗೆ ಮಾತ್ರ ಪೂರ್ತಿ ಇದೆ. ಸಂಬಳದ ಚೀಟಿ ಮುಂದೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಮೇಲಿನ ಸಾಲು ಫೆಡರಲ್ ತೆರಿಗೆ. ಅದರ ಕೆಳಗೆ ಸೋಶಿಯಲ್ ಸೆಕ್ಯುರಿಟಿ, ನೂರಕ್ಕೆ 6.2. ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್‌ಗೆ 1.45. ಮಿಶಿಗನ್ ರಾಜ್ಯಕ್ಕೆ 4.25. ಕೊನೆಗೆ ಡೆಟ್ರಾಯಿಟ್ ನಗರಕ್ಕೆ ಅಂತ 2.4, ಊರೊಳಗೆ ವಾಸ ಮಾಡಿದ ತಪ್ಪಿಗೆ. ಊರ ಹೊರಗೆ ಟ್ರಾಯ್ ಕಡೆ ಇರೋ ನಮ್ಮ ಮಂದಿ ಇಲ್ಲಿಗೆ ಕೆಲಸಕ್ಕೆ ಬಂದರೆ ಅದರ ಅರ್ಧ ಕೊಡ್ತಾರೆ. ಸೋಶಿಯಲ್ ಸೆಕ್ಯುರಿಟಿ ಅಂದ್ರೆ ಇಲ್ಲಿನವರ ಪಿಂಚಣಿ ಅಂತ ತಿಳ್ಕೊಳ್ಳಿ. 10 ವರ್ಷದ ಲೆಕ್ಕ ತುಂಬೋಕೆ ಮೊದಲು ನಾನು ವಾಪಸ್ ಬಂದರೆ ಕಟ್ಟಿದ್ದೆಲ್ಲ ಗೋವಿಂದ, ಯಾಕಂದ್ರೆ ಭಾರತಕ್ಕೂ ಅಮೆರಿಕಕ್ಕೂ ಈ ಬಗ್ಗೆ ಒಪ್ಪಂದವೇ ಇಲ್ಲ. ಹಾಗಾಗಿ ಓಟಿಲ್ಲದಿದ್ದರೂ ಯಾರು ನಿಲ್ತಾರೆ, ಏನು ಹೇಳ್ತಾರೆ ಅಂತ ನೋಡ್ತೀನಿ. ಚೀಟಿ ನೋಡಿದಾಗೆಲ್ಲ ನೋಡಬೇಕು ಅನ್ಸುತ್ತೆ.

ಅಪ್ಪ ಕಳಿಸಿದ ಫಾರ್ವರ್ಡ್ ಓದಿದೆ. ಜನವರಿಯಿಂದ ಅಮೆರಿಕದಿಂದ ಕಳಿಸೋ ರೊಕ್ಕಕ್ಕೆ 5 ಪರ್ಸೆಂಟ್ ತೆರಿಗೆ ಅಂತ. ಅರ್ಧ ಸುದ್ದಿ ಅದು. ಹೋದ ವರ್ಷ ಟ್ರಂಪ್ ಸಹಿ ಹಾಕಿದ ದೊಡ್ಡ ತೆರಿಗೆ ಮಸೂದೆಯಲ್ಲಿ ಮೊದಲು 5 ಇತ್ತು, ಕೆಳಮನೆ ದಾಟುವಾಗ 3.5 ಆಯ್ತು, ಸೆನೆಟ್‌ನಲ್ಲಿ 1ಕ್ಕೆ ಇಳೀತು. ಅದೂ ನೋಟು ಎಣಿಸಿ ಕೊಟ್ಟು, ಮನಿ ಆರ್ಡರ್ ಮಾಡಿ ಕಳಿಸೋರಿಗೆ. ನಾನು ಬ್ಯಾಂಕ್ ಖಾತೆಯಿಂದ ಕಳಿಸ್ತೀನಿ, ನನಗೆ ಸೊನ್ನೆ. ಮಾಳಿಗೆ ಮೇಲೆ ಶೀಟು ಹಾಕಿಸೋ ಕೆಲಸ ನಿಲ್ಲಿಸಬೇಡಿ.

ಆ ಮಸೂದೆಗೆ ಠಾಣೇದಾರ್ ಬೇಡ ಅಂತ ಓಟು ಹಾಕಿದರು. ಡೆಮಾಕ್ರಟಿಕ್ ಪಕ್ಷದವರು ಒಬ್ಬರೂ ಬಿಡದೆ ಬೇಡ ಅಂದ್ರು, ಆದರೂ 218-214ರಲ್ಲಿ ಪಾಸಾಯ್ತು. ಅವರ ನಿಲುವು ಹೊಸದೇನಲ್ಲ. 2018ರಲ್ಲಿ ಮಿಶಿಗನ್ ಗವರ್ನರ್ ಸ್ಥಾನಕ್ಕೆ ನಿಂತಾಗಲೇ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ, ಎಲ್ಲರಿಗೂ ಸರ್ಕಾರದ್ದೇ ಆರೋಗ್ಯ ವಿಮೆ ಅಂತ ಹೇಳಿಕೊಂಡು ಊರೂರು ತಿರುಗಿದ್ದರು. ಪ್ರೈಮರಿಯಲ್ಲೇ, ಅಂದ್ರೆ ಪಕ್ಷದ ಅಭ್ಯರ್ಥಿಯನ್ನು ಆರಿಸೋ ಒಳಚುನಾವಣೆಯಲ್ಲೇ, ಮೂರನೆಯವರಾಗಿ ಸೋತರು, ಕೋಟಿ ಡಾಲರ್ ಆಸುಪಾಸು ಸ್ವಂತ ರೊಕ್ಕ ಖರ್ಚು ಮಾಡಿ. ಆಮೇಲೆ ಆನ್ ಆರ್ಬರ್ ಬಿಟ್ಟು ಡೆಟ್ರಾಯಿಟಿಗೆ ಬಂದರು, 2020ರಲ್ಲಿ ರಾಜ್ಯದ ವಿಧಾನಸಭೆ, 2022ರಲ್ಲಿ ಕಾಂಗ್ರೆಸ್, ಅಂದ್ರೆ ಇಲ್ಲಿನ ಸಂಸತ್ತು.

ಆ 15 ಡಾಲರಿನ ಕಥೆ ಕೇಳಿ, ಮಜಾ ಇದೆ. ಇಡೀ ದೇಶಕ್ಕೆ ಅಂತ ಇರೋ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಒಂದು ಸೆಂಟೂ ಏರಿಲ್ಲ, ಯಾವ ಪಕ್ಷ ಬಂದರೂ. ಆದರೆ ಮಿಶಿಗನ್‌ನಲ್ಲಿ ಈ ಜನವರಿ 1ರಿಂದ 13.73 ಆಗಿದೆ, ಬರೋ ಜನವರಿಗೆ 15 ಆಗುತ್ತೆ. ಅದು ಆದದ್ದು ವಾಷಿಂಗ್ಟನ್‌ನಲ್ಲಿ ಅಲ್ಲ. ರಾಜ್ಯದ ಸುಪ್ರೀಂ ಕೋರ್ಟು 2024ರಲ್ಲಿ ತೀರ್ಪು ಕೊಟ್ಟಿತು, ಶಾಸಕರು ಅದಕ್ಕೆ ತಕ್ಕಂತೆ ಕಾನೂನು ಸರಿ ಮಾಡಿದರು. ಅಂದ್ರೆ ಅವರು ಹೇಳಿದ್ದು ನಡೀತಿದೆ, ಅವರ ಕೈಯಿಂದ ಅಲ್ಲ ಅಷ್ಟೆ. 435 ಜನರ ಕೆಳಮನೆಯಲ್ಲಿ ಒಬ್ಬರು ಎಷ್ಟು ಮಾಡಬಹುದು ಹೇಳಿ. ನೀವು ಕೇಳಿದ್ರಲ್ಲ, ಊರಿಗೆ ರಸ್ತೆ-ಗಿಸ್ತೆ ಹಾಕಿಸ್ತಾರಾ ಅಂತ. ನಮ್ಮ ಸಂಸದರ ಹಾಗೆ ವರ್ಷಕ್ಕೆ 5 ಕೋಟಿಯ ನಿಧಿ ಇವರ ಹೆಸರಲ್ಲಿ ಇರಲ್ಲ. ಇಂಥ ಕೆಲಸಕ್ಕೆ ರೊಕ್ಕ ಕೊಡಿ ಅಂತ ಬಜೆಟ್ ಸಮಿತಿಗೆ ಅರ್ಜಿ ಹಾಕ್ತಾರೆ, ಕೊಟ್ಟರೆ ಉಂಟು.

ಅವರ ಬದುಕಿನ ಕಥೆ ಅಪ್ಪನಿಗೆ ಇಷ್ಟ ಅಂತ ಗೊತ್ತು. ಬೆಳಗಾವಿಯಲ್ಲಿ ಬಡತನ, 1979ರಲ್ಲಿ ಓದಲು ಅಮೆರಿಕಕ್ಕೆ ಬಂದದ್ದು, ಕೆಮಿಸ್ಟ್ರಿಯಲ್ಲಿ ಡಾಕ್ಟರೇಟ್, ಸಾಲ ಮಾಡಿ ಒಂದು ಸಣ್ಣ ಲ್ಯಾಬ್ ಕೊಂಡು ದೊಡ್ಡದು ಮಾಡಿದ್ದು, 2010ರ ಹೊತ್ತಿಗೆ ಸಾಲದಲ್ಲಿ ಎಲ್ಲ ಕಳ್ಕೊಂಡದ್ದು, ಮತ್ತೆ ಆನ್ ಆರ್ಬರ್‌ನಲ್ಲಿ ಇನ್ನೊಂದು ಲ್ಯಾಬ್ ಶುರು ಮಾಡಿ ಅದನ್ನೂ ಮಾರಿದ್ದು. ನನಗೂ ಇಷ್ಟವೇ. ಆದರೆ ಇಲ್ಲಿ ಅದೇ ಅವರಿಗೆ ತೊಡಕು. ಅವರ ಕ್ಷೇತ್ರ ದೇಶದ ಬಡ ಕ್ಷೇತ್ರಗಳಲ್ಲಿ ಒಂದು, ಅವರು ಕೋಟ್ಯಧೀಶ್ವರ.

ಈಗ ಸರ್ಕಾರದ ಖರ್ಚಿನ ವಿಷಯ. ಇದನ್ನು ನಾನು ಪೇಪರ್ ಓದಿ ತಿಳ್ಕೊಳ್ಳಲಿಲ್ಲ, ನಮ್ಮ ಕಟ್ಟಡದ ಬಾಗಿಲಲ್ಲಿ ತಿಳ್ಕೊಂಡೆ. ರಾತ್ರಿ ಪಾಳಿಯಲ್ಲಿ ಅಲ್ಲಿ ಒಬ್ಬ ಅಜ್ಜಿ ಕೂತಿರುತ್ತಾಳೆ. ಅಜ್ಜಿ ಅಂದ್ರೆ ಅರವತ್ತು ದಾಟಿರಬೇಕು, ಕಪ್ಪು ಜನಾಂಗದವಳು, ಇದೇ ಊರಲ್ಲಿ ಹುಟ್ಟಿದವಳು. ಮೊಮ್ಮಗಳನ್ನು ತಾನೇ ಸಾಕ್ತಾಳೆ. ಸಂಬಳ ಸಾಲಲ್ಲ, ಸರ್ಕಾರ ತಿಂಗಳಿಗೊಮ್ಮೆ ಒಂದು ಕಾರ್ಡಿಗೆ ರೊಕ್ಕ ಹಾಕುತ್ತೆ, ಅದರಿಂದ ದಿನಸಿ ತರಬೇಕು. ನಮ್ಮ ರೇಷನ್ ಕಾರ್ಡಿನ ಹಾಗೆ, ಅಕ್ಕಿ ಬದಲು ರೊಕ್ಕ. ಅಕ್ಟೋಬರ್ 1ಕ್ಕೆ ಬಜೆಟ್ ಪಾಸಾಗದೆ ಸರ್ಕಾರದ ಕೆಲಸ ನಿಂತುಹೋಯ್ತಲ್ಲ, 43 ದಿನ, ನವೆಂಬರ್ 12ರವರೆಗೆ. ನವೆಂಬರ್ ಮೊದಲಲ್ಲಿ ಅವಳ ಕಾರ್ಡು ಖಾಲಿ. ನಾನು ಅವತ್ತು ಭಾರತದ ಅಂಗಡಿಯಿಂದ ಬರ್ತಾ ಇದ್ದೆ, ಕೈಯಲ್ಲಿ ಎರಡು ಚೀಲ. ಅಕ್ಕಿ, ತೊಗರಿಬೇಳೆ ಅವಳ ಮೇಜಿನ ಮೇಲೆ ಇಟ್ಟೆ. ಬೇಡ ಅಂದ್ಲು, ಆಮೇಲೆ ತಗೊಂಡ್ಲು. ಮೂರನೇ ದಿನ ಸಿಕ್ಕಾಗ ಕೇಳ್ತಾಳೆ, "ನಿನ್ನ ಆ ಹಳದಿ ಕಲ್ಲು ಎರಡು ಗಂಟೆ ಕುದಿಸಿದೆ, ಬೇಯಲೇ ಇಲ್ಲ." ನಕ್ಕು ನಕ್ಕು ಸಾಕಾಯ್ತು ನನಗೆ. ನೆನೆಸು ಅಂತ ಹೇಳೋದೇ ಮರೆತಿದ್ದೆ. ಮೇಲೆ ಹೋಗಿ ಕುಕ್ಕರ್ ತಂದು ಕೊಟ್ಟೆ, ಮೂರು ಸೀಟಿ ಅಂತ ಹೇಳಿಕೊಟ್ಟೆ. ಮೊದಲ ಸೀಟಿಗೆ ಮೊಮ್ಮಗಳು ಮಂಚದ ಕೆಳಗೆ ಹೋಗಿ ಕೂತಿದ್ಲಂತೆ.

ಆ 43 ದಿನದ ಜಗಳ ಏನಕ್ಕೆ ಅಂದ್ರೆ, ಆರೋಗ್ಯ ವಿಮೆಗೆ ಸರ್ಕಾರ ಕೊಡ್ತಿದ್ದ ಹೆಚ್ಚಿನ ನೆರವು ಡಿಸೆಂಬರಿಗೆ ಮುಗೀತಿತ್ತು, ಅದನ್ನು ಮುಂದುವರಿಸಿ ಅಂತ ಡೆಮಾಕ್ರಟರು ಹಟ ಹಿಡಿದರು. ಕೊನೆಗೆ ಆ ನೆರವು ಸಿಗದೆಯೇ ಸರ್ಕಾರ ತೆರೆಯೋ ಮಸೂದೆ ಕೆಳಮನೆಗೆ ಬಂದಾಗ ಅವರಲ್ಲೇ ಆರು ಜನ ಹೌದು ಅಂದ್ರು. ಠಾಣೇದಾರ್ ಇಲ್ಲ ಅಂದ್ರು. ಇದರಲ್ಲಿ ನನಗೆ ಎರಡು ಮನಸ್ಸು. ವಿಮೆಗಾಗಿ ಹಟ ಹಿಡಿದದ್ದು ಸರಿ ಅನ್ಸುತ್ತೆ, ಆದರೆ ಆ ಹಟದಲ್ಲಿ ಖಾಲಿ ಆದದ್ದು ಅಜ್ಜಿಯ ಕಾರ್ಡು. ಅವಳನ್ನೇ ಕೇಳಿದೆ. ಅವಳಿಗೆ ಅನುಮಾನವೇ ಇರಲಿಲ್ಲ. ಅವಳ ತಂಗಿ ಮೆಡಿಕೇಡ್ ಮೇಲೆ ಇದ್ದಾಳೆ, ಬಡವರ ವಿಮೆ ಅದು. ಹೊಸ ಕಾನೂನಿನ ಪ್ರಕಾರ ಬರೋ ಜನವರಿಯಿಂದ ಅದರಲ್ಲಿ ಎಷ್ಟೋ ಜನ ತಿಂಗಳಿಗೆ 80 ಗಂಟೆ ದುಡಿದದ್ದಕ್ಕೆ ದಾಖಲೆ ತೋರಿಸಬೇಕು. "ಕೆಲಸ ಮಾಡೋಕೆ ಯಾರೂ ಹೆದರಲ್ಲ, ಕಾಗದಕ್ಕೆ ಹೆದರ್ತೀವಿ" ಅಂದ್ಲು. ನಮ್ಮ ತಹಶೀಲ್ದಾರ್ ಕಚೇರಿ ಸಾಲು ನೆನಪಾಯ್ತು.

ರಿಪಬ್ಲಿಕನ್ನರ ವಾದವನ್ನೂ ಹೇಳಬೇಕು, ಇಲ್ಲಾಂದ್ರೆ ಅಪ್ಪ ನನ್ನನ್ನು ಒಂದು ಕಡೆಯವಳು ಅಂತಾರೆ. ದೇಶದ ಸಾಲ 38 ಲಕ್ಷ ಕೋಟಿ ಡಾಲರ್ ದಾಟಿದೆ. ರೂಪಾಯಿ ಅಲ್ಲ, ಡಾಲರ್. ಬಡ್ಡಿಗೆ ಹೋಗೋದೇ ಸೈನ್ಯಕ್ಕೆ ಹೋಗೋದಕ್ಕಿಂತ ಜಾಸ್ತಿ. ಖರ್ಚು ಕಡಿಮೆ ಮಾಡ್ಬೇಕು ಅನ್ನೋದು ತಪ್ಪಲ್ಲ. ಆದರೆ ಅವರದೇ ಮಸೂದೆ ಹತ್ತು ವರ್ಷಕ್ಕೆ ಕೊರತೆಗೆ ಇನ್ನೂ 3.4 ಲಕ್ಷ ಕೋಟಿ ಡಾಲರ್ ಸೇರಿಸುತ್ತೆ ಅಂತ ಸಂಸತ್ತಿನ ಬಜೆಟ್ ಕಚೇರಿಯೇ ಲೆಕ್ಕ ಕೊಟ್ಟಿದೆ. ಯಾಕಂದ್ರೆ ಒಂದು ಕಡೆ ಬಡವರ ವಿಮೆ ಕಡಿದರೂ ಇನ್ನೊಂದು ಕಡೆ ತೆರಿಗೆಯನ್ನು ಅದಕ್ಕಿಂತ ಜಾಸ್ತಿ ಕಡಿದಿದ್ದಾರೆ. ಇನ್ನು ಠಾಣೇದಾರ್ ಹೇಳೋ ಹಾಗೆ ಎಲ್ಲರಿಗೂ ಸರ್ಕಾರಿ ವಿಮೆ ಕೊಡಬೇಕಂದ್ರೆ ಬರೀ ಸಾಹುಕಾರರ ತೆರಿಗೆಯಲ್ಲಿ ಲೆಕ್ಕ ಕೂಡುತ್ತೆ ಅಂತ ನನಗೆ ಅನ್ಸಲ್ಲ. ನನ್ನ ಚೀಟಿಗೂ ಒಂದು ಸಾಲು ಸೇರುತ್ತೆ. ಕೊಡ್ತೀನಿ, ಅದು ಬೇರೆ ಮಾತು, ಆದರೆ ಹಾಗಂತ ಬಾಯಿಬಿಟ್ಟು ಹೇಳೋ ಅಭ್ಯರ್ಥಿಯನ್ನು ಇನ್ನೂ ನೋಡಿಲ್ಲ.

ಕೆಲಸದ ವಿಷಯ ಕಾಕಾಗೆ ಓದಿ ಹೇಳಿ. ಇಲ್ಲೇ ಹ್ಯಾಮ್‌ಟ್ರಾಮ್ಕ್ ಗಡಿಯಲ್ಲಿ ಜನರಲ್ ಮೋಟರ್ಸ್‌ನ ಫ್ಯಾಕ್ಟರಿ ಝೀರೊ ಇದೆ, ಕರೆಂಟಿನ ಗಾಡಿ ಮಾಡ್ತಾರೆ. ಕರೆಂಟ್ ಗಾಡಿ ಕೊಂಡರೆ ಸಿಗ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ ಸೆಪ್ಟೆಂಬರ್ 30ಕ್ಕೆ ನಿಂತಿತು, ಅದೇ ಮಸೂದೆಯಿಂದ. ಅಕ್ಟೋಬರ್ ಕೊನೆಗೆ ಒಂದು ಪಾಳಿಯನ್ನೇ ತೆಗೀತೀವಿ ಅಂದ್ರು, ಸುಮಾರು 1,200 ಜನ. ಇನ್ನೊಂದು ಕಡೆ ಹೊರದೇಶದ ಕಾರು, ಬಿಡಿಭಾಗಗಳ ಮೇಲೆ 25 ಪರ್ಸೆಂಟ್ ಸುಂಕ ಹಾಕಿದಾಗ ಇಲ್ಲಿನ ಕಾರ್ಮಿಕ ಸಂಘ ಯುಎಡಬ್ಲ್ಯೂ ಅದನ್ನು ಬೆಂಬಲಿಸಿತು. ನಮ್ಮ ಬೆಳಗಾವಿಯ ಉದ್ಯಮಬಾಗಿನಲ್ಲಿ ಕಾಕಾ ಎರಕ ಹೊಯ್ಯೋ ಬಿಡಿಭಾಗ ಇಲ್ಲಿಗೆ ಬಂದರೆ ಅದಕ್ಕೆ ಬೀಳೋ ಸುಂಕ ಇಂಥದ್ದೇ. ಹಾಗಾಗಿ ಡೆಟ್ರಾಯಿಟಿನಲ್ಲಿ ಓಟು ಕೇಳೋರು, ಬೆಳಗಾವಿಯಲ್ಲೇ ಬೆಳೆದಿದ್ದರೂ, ಉದ್ಯಮಬಾಗಿನ ಕಡೆ ಮಾತಾಡ್ತಾರೆ ಅಂತ ಕಾಕಾ ಕಾಯೋದು ಬೇಡ. ಅವರ ಕೆಲಸ ಇಲ್ಲಿನ ಪಾಳಿ ಉಳಿಸೋದು.

ಸರಿ, ಗೆಲ್ತಾರಾ? ನವೆಂಬರ್ ಚುನಾವಣೆ ಇಲ್ಲಿ ಲೆಕ್ಕಕ್ಕಿಲ್ಲ, ಇದು ಡೆಮಾಕ್ರಟರ ಕೋಟೆ. ನಿಜವಾದ ಕುಸ್ತಿ ಆಗಸ್ಟ್ 4ರ ಪ್ರೈಮರಿ. ಎದುರಿಗೆ ಡೊನಾವನ್ ಮಕಿನ್ನಿ, ರಾಜ್ಯದ ಶಾಸಕ, ಯುವಕ, ಸೆನೆಟರ್ ಬರ್ನಿ ಸ್ಯಾಂಡರ್ಸ್ ಬೆಂಬಲ ಇದೆ. ಕೂಲಿ, ವಿಮೆ, ತೆರಿಗೆ ಮೂರರಲ್ಲೂ ಇಬ್ಬರ ಮಾತು ಹೆಚ್ಚೂಕಡಿಮೆ ಒಂದೇ. ಜಗಳ ಇರೋದು ಯಾರ ರೊಕ್ಕದಲ್ಲಿ ಓಟು ಕೇಳ್ತೀರಿ ಅನ್ನೋದರಲ್ಲಿ. ಇನ್ನೊಂದಿದೆ. 1955ರಿಂದ ಈ ಊರಿಂದ ಒಬ್ಬರಾದರೂ ಕಪ್ಪು ಜನಾಂಗದ ಸದಸ್ಯರು ಕಾಂಗ್ರೆಸ್‌ನಲ್ಲಿ ಇದ್ದೇ ಇದ್ದರು, 2023ರಲ್ಲಿ ಆ ಸಾಲು ತಪ್ಪಿತು. ಅಜ್ಜಿ ಅದನ್ನು ಮರೆತಿಲ್ಲ. ಠಾಣೇದಾರ್ ನಮ್ಮೂರಿನವರು ಅಂತ ನಾನು ಹೇಳಿದ್ದಕ್ಕೆ, "ಹಸಿವು ಗೊತ್ತಿರೋ ಮನುಷ್ಯ, ಸರಿ. ಆದ್ರೆ ನಮ್ಮ ಹುಡುಗನೂ ನಿಂತಿದ್ದಾನಲ್ಲ" ಅಂದ್ಲು. ಯಾರಿಗೆ ಅಂತ ಇನ್ನೂ ತೀರ್ಮಾನ ಮಾಡಿಲ್ಲವಂತೆ. ಅಪ್ಪ, ನೀವು ಚಿಕ್ಕೋಡಿಯವರು ಅನ್ನೋದೂ ಅವಳು ನಮ್ಮ ಹುಡುಗ ಅನ್ನೋದೂ ಒಂದೇ ಅಲ್ವಾ. ವ್ಯತ್ಯಾಸ ಅಂದ್ರೆ ಅವಳಿಗೆ ಓಟಿದೆ.

ಈ 30ಕ್ಕೆ ಬಜೆಟ್ಟಿನ ಗಡುವು ಮತ್ತೆ ಮುಗಿಯುತ್ತೆ. ಮತ್ತೆ ನಿಂತರೆ ಇರಲಿ ಅಂತ ಬೇಳೆ ಜಾಸ್ತಿ ತಂದಿಟ್ಟಿದ್ದೇನೆ. ಕುಕ್ಕರ್ ಇನ್ನೂ ಕೆಳಗೇ ಇದೆ, ವಾಪಸ್ ಕೇಳೋಕೆ ಮನಸ್ಸಿಲ್ಲ. ಅವ್ವ, ಮಾರ್ಚಿನಲ್ಲಿ ಬರ್ತಿರೋ ಹುಡುಗನ ಕೈಲಿ ಒಂದು ಮೂರು ಲೀಟರಿನ ಕುಕ್ಕರ್, ಎರಡು ಗ್ಯಾಸ್ಕೆಟ್ ಕಳಿಸು. ಕುಂದಾ ಕಾಲು ಕೆಜಿ ಸಾಕು. ಅರ್ಧ ಕೆಜಿ ಕಳಿಸಿದ್ರೂ ಬೇಡ ಅನ್ನಲ್ಲ.

ನಿಮ್ಮ ಮಗಳು