ಬದುವಿನ ಹಿಪ್ಪುನೇರಳೆ ಮರದ ವಿಷಯವಾಗಿ

ಬ್ಯಾಡಗಿ ತಾಲ್ಲೂಕು

ಚಿರಂಜೀವಿ ಶಿವಾನಂದನಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಬಾವಿಯ ಪಕ್ಕದ ಒಂದು ಎಕರೆಗೆ ವಿ-1 ತಳಿಯ ಹಿಪ್ಪುನೇರಳೆ ಹಾಕುವುದಾಗಿಯೂ, ತೋಟಕ್ಕೆ ನೆರಳಾಗುತ್ತದೆಂದು ಬದುವಿನ ಹಳೆಯ ಮರವನ್ನು ಕಡಿಸುವುದಾಗಿಯೂ ನೀನು ಹೇಳಿಕಳುಹಿಸಿದ್ದು ತಿಳಿಯಿತು. ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರು 1997ರಲ್ಲಿ ಬಿಡುಗಡೆ ಮಾಡಿದ ಆ ತಳಿ ಒಳ್ಳೆಯದು, ತೋಟ ಮಾಡು. ಆದರೆ ನೀನು ಕಡಿಸಹೊರಟ ಮರವೂ ಹಿಪ್ಪುನೇರಳೆಯೇ.

ನೀನು ಕಂಡಿರುವುದು ಸೊಪ್ಪಿಗಾಗಿ ಮತ್ತೆ ಮತ್ತೆ ಕಟಾವು ಮಾಡಿಸಿಕೊಂಡು ಎದೆಯೆತ್ತರದಲ್ಲೇ ಉಳಿದ ಗಿಡಗಳನ್ನು. ಕುಡುಗೋಲು ತಾಗದಂತೆ ಬಿಟ್ಟರೆ ಅದೇ ಗಿಡ ಮನೆಯ ಮಾಳಿಗೆಯನ್ನು ಮೀರಿ ಬೆಳೆಯುತ್ತದೆ. ಹೆಸರಿನಲ್ಲಿ ನೇರಳೆಯಿದ್ದರೂ ಇದು ಆ ಕುಲದ್ದಲ್ಲ. ಆಲ, ಅತ್ತಿ, ಹಲಸುಗಳ ಬಳಗದ್ದು. ಎಲೆಯ ತೊಟ್ಟು ಮುರಿದರೆ ಬಿಳಿಯ ಹಾಲು ಒಸರುವುದನ್ನು ನೋಡು. ಅದರ ಹಣ್ಣು ಕೂಡ ಒಂದೇ ಹೂವಿನಿಂದಾದದ್ದಲ್ಲ. ಒಂದು ದಂಟಿನ ಸುತ್ತ ಒತ್ತಾಗಿ ಕುಳಿತ ಹತ್ತಾರು ಹೂಗಳು ಒಂದೊಂದೂ ರಸ ತುಂಬಿಕೊಂಡು ಕೂಡಿಕೊಂಡದ್ದು, ಹಲಸು ಆಗುವ ಹಾಗೆಯೇ.

ನೆರಳಿಗಿಂತ ನೀನು ಅಂಜಬೇಕಾದದ್ದು ಪಕ್ಕದ ಮೆಣಸಿನಕಾಯಿ ಹೊಲಕ್ಕೆ. ನಾನು ರೇಷ್ಮೆ ಹುಳು ಸಾಕುತ್ತಿದ್ದಾಗ ನಮ್ಮ ಕೆಳಗಿನ ಹೊಲದ ಬದುವಿನಲ್ಲಿ ಒಂದು ಮರವೂ ಇರಲಿಲ್ಲ. ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹೊತ್ತು, ಕಳೆದು ಎದ್ದ ಹುಳುಗಳಿಗೆ ಬದುವಿನ ಕಡೆಯ ಸಾಲಿನ ಸೊಪ್ಪು ಹಾಕಿದೆ. ಹಿಂದಿನ ದಿನ ಆಚೆಯ ಹೊಲಕ್ಕೆ ಹೊಡೆದ ಎಣ್ಣೆ, ಅಂದರೆ ಕೀಟನಾಶಕ, ಗಾಳಿಗೆ ತೂರಿಬಂದು ಆ ಸೊಪ್ಪಿನ ಮೇಲೆ ಬಿದ್ದದ್ದು ನನಗೆ ತಿಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಹುಳುಗಳು ತಲೆಯೆತ್ತಿ ಅತ್ತಿತ್ತ ತೂಗಾಡುತ್ತ, ಹಸಿರು ರಸ ಕಕ್ಕಿ, ಮೈ ಕುಗ್ಗಿ ಸತ್ತವು. ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡಲು ಒಂದು ವಾರವಷ್ಟೇ ಉಳಿದಿತ್ತು. ಈ ಹುಳು ಬೇರಾವ ಎಲೆಯನ್ನೂ ತಿಂದು ಬದುಕಲಾರದು. ಆದ್ದರಿಂದ ಸೊಪ್ಪಿಗೆ ವಿಷ ಬಿದ್ದರೆ ಅದಕ್ಕೆ ಗತಿಯಿಲ್ಲ. ನಿನ್ನ ಬದುವಿನ ಮರ ಆ ಗಾಳಿಗೆ ಅಡ್ಡ ನಿಂತಿದೆ. ಅದರ ಸೊಪ್ಪನ್ನು ಮಾತ್ರ ಹುಳುವಿಗೆ ಹಾಕಬೇಡ, ಎಣ್ಣೆ ಹೊಡೆಯುವ ದಿನಗಳಲ್ಲಿ ಆಡಿಗೂ ಹಾಕಬೇಡ. ಮಾರ್ಚಿಯಲ್ಲಿ ಹಣ್ಣು ಕಪ್ಪಾಗುವ ಹೊತ್ತಿಗೆ ಮೆಣಸಿನಕಾಯಿ ಕೊಯ್ಲು ಮುಗಿದಿರುತ್ತದೆ. ಆಗ ಮಕ್ಕಳೂ ಪಿಕಳಾರ ಹಕ್ಕಿಗಳೂ ತಿನ್ನಲಿ. ಇಳಿಜಾರಿನ ಆ ಬದುವನ್ನು ಮುಂಗಾರಿನಲ್ಲಿ ಒಡೆಯದಂತೆ ಹಿಡಿದಿರುವುದೂ ಅದರ ಬೇರೇ.

ನಿಮ್ಮವ್ವ ಸಕ್ಕರೆ ಕಾಯಿಲೆಗೆಂದು ಅದರ ಎಲೆಯ ಕಷಾಯ ಕುಡಿಯುತ್ತಾಳಂತೆ. ಅದು ಬರಿಯ ನಂಬಿಕೆಯಲ್ಲ. ಉಂಡ ಅನ್ನ, ರೊಟ್ಟಿ ಕರುಳಿನಲ್ಲಿ ಸಕ್ಕರೆಯಾಗುವುದನ್ನು ನಿಧಾನಿಸುವ ಡಿಆಕ್ಸಿನೋಜಿರಿಮೈಸಿನ್ ಎಂಬ ಅಂಶ ಆ ಎಲೆಯಲ್ಲಿದೆ. ಆದರೆ ಮಾತ್ರೆಯ ಜೊತೆಗೆ ಅದೂ ಸೇರಿದರೆ ಸಕ್ಕರೆ ತೀರ ಇಳಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಕಷಾಯವನ್ನೇ ನಂಬಿ ಮಾತ್ರೆ ಬಿಟ್ಟರಂತೂ ಇನ್ನೂ ಕೇಡು. ಡಾಕ್ಟರಿಗೆ ತಿಳಿಸದೆ ಕುಡಿಯಕೂಡದೆಂದು ನಾನು ಹೇಳಿದ್ದೇನೆಂದು ಅವಳಿಗೆ ಹೇಳು.

ಹೊಲದ ಕೆಳಗಿನ ಮೂಲೆಯ ಎರೆ ನೆಲದಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಗಿಡ ಹಚ್ಚಬೇಡ, ಬೇರು ಕೊಳೆಯುತ್ತದೆ. ಮರದ ಕೊಂಬೆಗಳಲ್ಲಿ ತೋಟದ ಕಡೆಗೆ ಚಾಚಿದವನ್ನಷ್ಟೇ ಮಳೆ ಹಿಡಿಯುವ ಮುಂಚೆ ಸವರಿಸು. ಸವರಿದ ಕಡ್ಡಿಗಳಲ್ಲಿ ಪೆನ್ಸಿಲ್ಲಿನ ದಪ್ಪದವನ್ನು ಆರಿಸಿ, ಮೂರು ನಾಲ್ಕು ಕಣ್ಣು ಬರುವಂತೆ ತುಂಡು ಮಾಡಿ, ಮೆಣಸಿನಕಾಯಿ ಹೊಲದ ಕಡೆಯ ಬದುವಿನುದ್ದಕ್ಕೂ ಊರಿಸು.

ಇತಿ, ನಿನ್ನ ಸೋದರತ್ತೆ