ಏನಮ್ಮಾ ಸಮಾಚಾರ ಅಂದ್ಯಲ್ಲ, ತಗೋ

ಸರಗೂರು
25 ಜುಲೈ 2021, ಭಾನುವಾರ

ಪುಟ್ಟಿ,

ಫೋನ್ ಮಾಡ್ದಾಗೆಲ್ಲಾ ನೀನು ಏನಮ್ಮಾ ಸಮಾಚಾರ ಅಂತೀಯ, ನಾನು ಏನಿಲ್ಲ ಕಣೇ ಎಲ್ಲಾ ಆರಾಮು ಅಂತೀನಿ, ಅಷ್ಟರಲ್ಲಿ ನಿನ್ನ ವಾರ್ಡಲ್ಲಿ ಯಾರೋ ಸಿಸ್ಟರ್ ಅಂತ ಕೂಗ್ತಾರೆ, ಫೋನ್ ಕಟ್. ಸಮಾಚಾರ ಇಲ್ದೆ ಏನು, ಬೇಕಾದಷ್ಟಿದೆ, ಹೇಳಕ್ಕೆ ಟೈಮ್ ಸಿಗಲ್ಲ ಅಷ್ಟೇ. ಅದಕ್ಕೇ ಇವತ್ತು ಹೊಲಿಗೆ ಮೆಷಿನ್ನಿಗೆ ರಜಾ ಕೊಟ್ಟು ಟೈಪ್ ಮಾಡ್ತಾ ಕೂತಿದೀನಿ. ಉದ್ದ ಆಗತ್ತೆ, ನೈಟ್ ಡ್ಯೂಟೀಲಿ ಬಿಡುವಾದಾಗ ಸ್ವಲ್ಪ ಸ್ವಲ್ಪ ಓದ್ಕೋ. ಕಾಗುಣಿತ ನೋಡ್ಬೇಡ, ಈ ಕೀಬೋರ್ಡು ಒತ್ತಕ್ಷರಕ್ಕೆ ಬಹಳ ಸತಾಯಿಸತ್ತೆ.

ಮೇ ತಿಂಗಳಲ್ಲೇ ನಿಮ್ಮಪ್ಪ ಟೀವಿ ನ್ಯೂಸ್ ಬಂದ್ ಮಾಡಿಸಿದ್ರು. ಬೆಳಗ್ಗೆಯಿಂದ ರಾತ್ರಿ ತನಕ ಇಷ್ಟು ಜನ ಹೋದ್ರು ಅಷ್ಟು ಜನ ಹೋದ್ರು ಅಂತ ಕೆಂಪಕ್ಷರ, ಜೊತೆಗೆ ಢಣ್ ಅಂತ ಮ್ಯೂಸಿಕ್ಕು, ನೀನು ಬೇರೆ ಅಲ್ಲೇ ಕೋವಿಡ್ ವಾರ್ಡಲ್ಲಿ, ಊಟ ಗಂಟಲಲ್ಲಿ ಇಳೀತಿರ್ಲಿಲ್ಲ. ಆಮೇಲೆ ಹಳೇ ರೇಡಿಯೋ ಮೆಷಿನ್ ಪಕ್ಕಕ್ಕೆ ಬಂತು. ಬ್ಯಾಟರಿ ಮುಚ್ಚಳ ಕಳೆದುಹೋಗಿದೆ, ರಬ್ಬರ್ ಬ್ಯಾಂಡ್ ಹಾಕಿದೀನಿ, ಏರಿಯಲ್ ಮುರಿದ ಜಾಗಕ್ಕೆ ನಿಮ್ಮಪ್ಪ ಕೊಡೆ ಕಡ್ಡಿ ಸಿಕ್ಸಿದಾರೆ, ಅದನ್ನ ಕಿಟಕಿ ಸರಳಿಗೆ ತಾಗಿಸಿದ್ರೆ ಸ್ಪಷ್ಟವಾಗಿ ಬರತ್ತೆ. ಬೆಳಗ್ಗೆ ಮೈಸೂರು ಆಕಾಶವಾಣಿ 100.6, ಆಮೇಲೆ ನಮ್ಮೂರಿನ ಸಮುದಾಯ ರೇಡಿಯೋ ಜನಧ್ವನಿ 90.8. ಜನಧ್ವನಿ ಶುರುವಾಗಿದ್ದು 2012ರಲ್ಲಿ, ವಿವೇಕಾನಂದ ಯೂತ್ ಮೂವ್‌ಮೆಂಟ್‌ನೋರು ನಡೆಸೋದು, ನಿನಗೇ ಗೊತ್ತಲ್ಲ. ಆಗೆಲ್ಲಾ ನೀನು ನಮ್ಮೂರು ರೇಡಿಯೋ ಯಾರಮ್ಮಾ ಕೇಳ್ತಾರೆ ಅಂತ ಮೂಗು ಮುರೀತಿದ್ದೆ.

ಒಂದು ತಮಾಷೆ ಗೊತ್ತಾ, ಸಮುದಾಯ ರೇಡಿಯೋದವ್ರು ತಮ್ಮದೇ ನ್ಯೂಸ್ ಓದೋ ಹಾಗಿಲ್ಲ, ಸರ್ಕಾರದ ರೂಲ್ಸು. ಆಕಾಶವಾಣಿ ವಾರ್ತೆ ಬೇಕಾದ್ರೆ ಹಾಗ್ಹಾಗೇ ಹಾಕಬೋದು, ಒಂದಕ್ಷರ ಬದಲಾಯಿಸೋ ಹಾಗಿಲ್ಲ. ಆದ್ರೆ ಕರೆಂಟ್ ಎಲ್ಲಿ ತೆಗೀತಾರೆ, ನೀರು ಎಲ್ಲಿ ಬರಲ್ಲ, ಮಳೆ ಹೇಗೆ, ಪರೀಕ್ಷೆ ಯಾವಾಗ, ಲಸಿಕೆ ಎಲ್ಲಿ, ಇವೆಲ್ಲಾ ಹೇಳಬೋದು, ಯಾಕಂದ್ರೆ ಇವೆಲ್ಲಾ ನ್ಯೂಸ್ ಅಲ್ವಂತೆ. ನೋಡು, ನಮಗೆ ಬೇಕಾಗಿರೋದೆಲ್ಲಾ ಆ ನ್ಯೂಸ್ ಅಲ್ದೇ ಇರೋ ಲಿಸ್ಟಲ್ಲೇ ಇದೆ! ದೆಹಲೀಲಿ ಮಂತ್ರಿ ಏನಂದ ಅನ್ನೋದು ನ್ಯೂಸು, ನಾಳೆ ನಮ್ಮ ಬೀದೀಲಿ ಕರೆಂಟ್ ಇರಲ್ಲ ಅನ್ನೋದು ನ್ಯೂಸಲ್ಲ. ಕರೆಂಟ್ ಇಲ್ದೆ ನಾನು ಮೋಟರ್ ಬಿಟ್ಟು ಕಾಲಲ್ಲಿ ಮೆಷಿನ್ ತುಳೀಬೇಕಲ್ಲ, ನನಗೆ ಅದೇ ಮುಖ್ಯ.

ಊರು ತೆರೀತಾ ಬಂದಿದ್ದೂ ಹೀಗೇ ಕೇಳ್ತಾ ಕೇಳ್ತಾ. ಜೂನ್ 14ಕ್ಕೆ ಅನ್‌ಲಾಕ್ ಅಂತ ಹೇಳಿದ್ರು, ಖುಷಿಪಟ್ರೆ 11 ಜಿಲ್ಲೆ ಬಿಟ್ಟು ಅಂದ್ರು, ಅದ್ರಲ್ಲಿ ನಮ್ಮದೂ ಒಂದು. 21ಕ್ಕೆ ಬೇರೆ ಕಡೆಯೆಲ್ಲಾ ಇನ್ನಷ್ಟು ಸಡಿಲ, ಬೆಂಗಳೂರಲ್ಲಿ ನಿಮಗೆ ಬಸ್ಸು ಮೆಟ್ರೋ ಎಲ್ಲಾ ಬಂತು, ಮೈಸೂರಿಗೆ ಮಾತ್ರ ಹಳೇ ರೂಲ್ಸೇ. ಪಾಸಿಟಿವಿಟಿ ರೇಟ್ ಜಾಸ್ತಿ ಅಂತೆ. ಪಾಸಿಟಿವಿಟಿ ಅನ್ನೋ ಮಾತು ಈಗ ಸೊಪ್ಪು ಮಾರೋ ಅಜ್ಜಿ ಬಾಯಲ್ಲೂ ಬರತ್ತೆ, ಮೊನ್ನೆ ನಮ್ ಬೀದೀಲಿ ಎಲ್ಲಾ ಕಡ್ಮೆ ಆಗೈತೆ ಕಣವ್ವ ಇನ್ನಾದ್ರೂ ಕಟ್ಟು ಐದು ರೂಪಾಯಿ ಜಾಸ್ತಿ ಕೊಡಿ ಅಂದ್ಳು, ಪಾಸಿಟಿವಿಟಿ ಕಮ್ಮಿಯಾದ್ರೆ ಸೊಪ್ಪು ರೇಟು ಯಾಕೆ ಜಾಸ್ತಿ ಆಗ್ಬೇಕೋ ದೇವರಿಗೇ ಗೊತ್ತು, ಕೊಟ್ಟೆ.

ಕೊನೆಗೆ ಜುಲೈ 5ಕ್ಕೆ ದೇವಸ್ಥಾನ, ಬಟ್ಟೆ ಅಂಗಡಿ, ಹೋಟ್ಲು, ಬಸ್ಸು ಎಲ್ಲಾ ಬಿಟ್ರು. ಮದುವೆಗೆ ಅಲ್ಲೀತನಕ 40 ಜನ ಇತ್ತು, 100 ಜನ ಅಂದ್ರು. ಆಗ ಶುರುವಾಯ್ತು ನೋಡು ನನ್ನ ಕಥೆ. 11ಕ್ಕೆ ಆಷಾಢ ಶುರು, ಅದಕ್ಕೆ ಮುಂಚೆ ಅಮಾವಾಸ್ಯೆ, ಮಧ್ಯದಲ್ಲಿ ಉಳಿದಿದ್ದು ನಾಲ್ಕೇ ದಿನ. ಏಪ್ರಿಲ್ ಮೇಲಿ ನಿಂತುಹೋದ ಮದುವೆಗಳೆಲ್ಲಾ ಆ ನಾಲ್ಕು ದಿನಕ್ಕೆ ನುಗ್ಗಿದ್ವು. ಏಪ್ರಿಲಲ್ಲಿ ಕತ್ತರಿಸಿಟ್ಟಿದ್ದ ರವಿಕೆಗಳು ಗಂಟು ಕಟ್ಟಿ ಬೀರು ಮೇಲಿದ್ವು, ಇಳಿಸಿ ನೋಡಿದ್ರೆ ಅಳತೆಗಳೇ ಆಗ್ತಿಲ್ಲ, ಅರ್ಧ ಜನ ಮನೇಲಿ ಕೂತು ದಪ್ಪ ಆಗಿದಾರೆ, ಇನ್ನರ್ಧ ಜ್ವರ ಬಂದು ಇಳಿದುಹೋಗಿದಾರೆ. ಒಬ್ಬಳು ಮದುಮಗಳಿಗೆ ಎರಡು ಕಡೆಯೂ ಒಂದೂವರೆ ಇಂಚು ಹಿಡಿದೆ, ಇನ್ನೂ ಸಡಿಲ. ಏನ್ ಕಂದ ಇಷ್ಟು ಇಳಿದುಬಿಟ್ಟೆ ಅಂದ್ರೆ ಹದಿನೈದು ದಿನ ಆಸ್ಪತ್ರೇಲಿದ್ದೆ ಆಂಟಿ, ಯಾರಿಗೂ ಹೇಳ್ಬೇಡಿ ಅಂದ್ಲು. ಗಂಡಿನ ಕಡೆಯೋರಿಗೆ ಗೊತ್ತಿಲ್ವೋ ಏನೋ, ನಾನು ಪಿನ್ನು ಬಾಯಲ್ಲಿಟ್ಕೊಂಡು ಸುಮ್ನಾದೆ.

100 ಜನ ಅನ್ನೋ ಲಿಸ್ಟು ಮಾಡೋದ್ರಲ್ಲಿ ಎಷ್ಟು ಮನೇಲಿ ಜಗಳ ಆಯ್ತು ಗೊತ್ತಾ. ಸೋದರಮಾವನ ಕಡೆ ಐದು ಜನ, ಅತ್ತೆ ಕಡೆ ಐದು ಜನ ಅಂತ ರೇಷನ್ ಹಂಚಿದ ಹಾಗೆ ಹಂಚಿದ್ರು. ನನ್ನನ್ನಂತೂ ಎಲ್ಲರೂ ಕರೆದ್ರು, ಕರೀದಿದ್ರೆ ರವಿಕೆ ಸಿಗಲ್ವಲ್ಲ! ಉಳಿದ ಚೂರು ಬಟ್ಟೇಲಿ ಮ್ಯಾಚಿಂಗ್ ಮಾಸ್ಕ್ ಬೇರೆ ಹೊಲಿಸ್ಕೊಂಡ್ರು, ಜರಿ ಅಂಚಿಂದು. ಅದು ಫೋಟೋಗೆ, ಮೂಗಿಗಲ್ಲ. ನೀನು ನೋಡಿದ್ರೆ ಬಯ್ತಿದ್ದೆ.

ಪಕ್ಕದ್ಮನೆ ಹುಡುಗ ಎಸೆಸೆಲ್ಸಿ ಬರೆದ. 19ಕ್ಕೆ ಗಣಿತ ವಿಜ್ಞಾನ ಸಮಾಜ ಮೂರೂ ಒಂದೇ ಸಲ, 22ಕ್ಕೆ ಮೂರು ಭಾಷೆ, ಎರಡೇ ದಿನಕ್ಕೆ ಪರೀಕ್ಷೆ ಮುಗೀತು. ಎಲ್ಲಾ ಬರೀ ಗುಂಡು ತುಂಬೋದು, ಓಎಂಆರ್. ಒಂದು ರೂಮಿಗೆ 12 ಮಕ್ಕಳು, ಬಾಗಿಲಲ್ಲಿ ಆಶಾ ಅಕ್ಕ ಹಣೆಗೆ ಟೆಂಪರೇಚರ್ ಗನ್ ಹಿಡಿದು ನಿಂತಿದ್ಲಂತೆ. ಬರೆದೋರು ಯಾರೂ ಫೇಲ್ ಇಲ್ಲ ಅಂತ ಮೊದಲೇ ಹೇಳಿಬಿಟ್ಟಿದಾರೆ, ಅವರಜ್ಜಿ ಮಾತ್ರ ಹಿಂದಿನ ರಾತ್ರಿ ಚಿಕ್ಕದೇವಮ್ಮನಿಗೆ ಮುಡಿಪು ಕಟ್ಟಿದ್ರು. ವರ್ಷ ಪೂರ್ತಿ ಅವನು ಓದಿದ್ದು ಮೊಬೈಲಲ್ಲಿ, ಸಿಗ್ನಲ್ ಸಿಗೋ ಟ್ಯಾಂಕ್ ಹತ್ರ ಹೋಗಿ ಕೂರ್ತಿದ್ದ. ಕಾಡಂಚಿನ ಆದಿವಾಸಿ ಹಾಡಿ ಮಕ್ಕಳಿಗೆ ಅದೂ ಇಲ್ಲ. ಹುಡುಗರು ಶಾಲೆ ಬಿಟ್ಟು ಶುಂಠಿ ಕೆಲಸಕ್ಕೆ ಹೋಗಿ ರೂಢಿ ಆಗಿಬಿಟ್ಟಿದಾರೆ, ಶಾಲೆ ತೆಗೆದ್ರೂ ಎಷ್ಟು ಜನ ವಾಪಸ್ ಬರ್ತಾರೋ. ಇದರ ಬಗ್ಗೆ ಯಾರೂ ಜೋರಾಗಿ ಮಾತಾಡ್ತಿಲ್ಲ, ನನಗೆ ಅದೇ ಸಿಟ್ಟು. ಥಿಯೇಟರ್ ತೆಗೆದಾಯ್ತು, ನಾಳೆಯಿಂದ ಕಾಲೇಜೂ ಶುರು, ಚಿಕ್ಕ ಮಕ್ಕಳ ಶಾಲೆ ಮಾತ್ರ ಯಾವಾಗ ಅಂತ ಇಲ್ಲ.

ಲಸಿಕೆ ವಿಷ್ಯ ನೀನೇ ಕೇಳಿದ್ದೆ. ಮೊದಮೊದಲು ಹಾಡಿಗಳಲ್ಲಿ ಜೀಪ್ ಬಂತು ಅಂದ್ರೆ ಕಾಡಿಗೆ ಓಡೋರು, ಸೂಜಿ ಹಾಕಿದ್ರೆ ಎರಡು ವರ್ಷಕ್ಕೆ ಸಾಯ್ತಾರಂತೆ ಅಂತ ಯಾರೋ ಹಬ್ಬಿಸಿದ್ರು. ನಮ್ಮ ಬೀದೀಲೇ ಓದಿದೋರೂ ಹಾಗೇ ಅಂದ್ಕೊಂಡು ವಾಟ್ಸಾಪಲ್ಲಿ ಕಳಿಸ್ತಿದ್ರು, ಸುಮ್ನೆ ಹಾಡಿಯೋರನ್ನೇ ಆಡ್ಕೋಬಾರ್ದು. ನಮ್ಮನೆ ಹಿತ್ತಲ ಬೇಲಿ ಕಟ್ಟಕ್ಕೆ ಬರ್ತಾಳಲ್ಲ ಜೇನುಕುರುಬರ ಅಕ್ಕ, ಅವಳನ್ನ ಕೇಳ್ದೆ ಹಾಕಿಸ್ಕೊಂಡ್ಯಾ ಅಂತ. ಹೂಂ, ಡಾಕ್ಟ್ರು ಹೇಳ್ದಾಗ ನಂಬ್ಲಿಲ್ಲ, ನಮ್ ಮಾತಲ್ಲಿ ನಮ್ಮೋಳೇ ರೇಡಿಯೋದಲ್ಲಿ ಹೇಳಿದ್ಲು ನಾನು ಹಾಕಿಸ್ಕೊಂಡೆ ಒಂದಿನ ಮೈ ಕೈ ನೋವು ಅಷ್ಟೇ ಅಂತ, ಹೋದೆ ಅಂದ್ಲು. ತೋಳು ತೋರಿಸಿದ್ಲು ಬೇರೆ, ಏನೂ ಕಾಣ್ತಿರ್ಲಿಲ್ಲ, ಆದ್ರೂ ಬಹಳ ಹೆಮ್ಮೆಯಿಂದ. ಆಸ್ಪತ್ರೇಲಿ ನೀವು ಎಷ್ಟು ಪೋಸ್ಟರ್ ಅಂಟಿಸಿದ್ರೂ ಇಷ್ಟು ಕೆಲಸ ಆಗತ್ತಾ ಹೇಳು. ನಂದು ಫಸ್ಟ್ ಡೋಸ್ ಕೋವಿಶೀಲ್ಡು, 84 ದಿನ ಆಗ್ಬೇಕಲ್ಲ, ಬರೋ ತಿಂಗಳು.

ಬಾವಲಿ ಚೆಕ್‌ಪೋಸ್ಟ್ ಇನ್ನೂ ಬಿಗಿ. ಕೇರಳದಲ್ಲಿ ಕೇಸು ಇಳೀತಿಲ್ಲ, ಅಲ್ಲಿಂದ ಬರೋರಿಗೆ ಟೆಸ್ಟ್ ರಿಪೋರ್ಟ್ ಇಲ್ಲಾಂದ್ರೆ ವಾಪಸ್. ಇಲ್ಲಿ ಜಮೀನು ಗುತ್ತಿಗೆ ತಗೊಂಡು ಶುಂಠಿ ಹಾಕಿರೋ ಅಲ್ಲೀ ಜನಕ್ಕೆ ಬಹಳ ತೊಂದ್ರೆ, ಬೆಳೆ ಇಲ್ಲಿ ಮನೆ ಅಲ್ಲಿ.

ಇವತ್ತಿಂದ ದೇವಸ್ಥಾನದಲ್ಲಿ ಪೂಜೆ ಸೇವೆಗೂ ಬಿಟ್ಟಿದಾರೆ, ಜಾತ್ರೆ ಉತ್ಸವ ಮೆರವಣಿಗೆ ಮಾತ್ರ ಇಲ್ಲ. ಮೊನ್ನೆ ಬುಧವಾರ ಬಕ್ರೀದ್, ಮಸೀದೀಲಿ 50 ಜನ ಮಾತ್ರ ಅಂತ ಇತ್ತು, ಹಿಂದಿನ ಬೀದಿ ಆಪಾ ಶೀರ್‌ಖುರ್ಮಾ ಕಳಿಸಿದ್ರು. ಹೋದ ವರ್ಷ ಕಳಿಸಕ್ಕೂ ಹೆದರಿದ್ರು ಪಾಪ, ಯಾರಾದ್ರೂ ಏನಾದ್ರೂ ಅಂತಾರೆ ಅಂತ. ಡಬ್ಬ ಖಾಲಿ ವಾಪಸ್ ಕೊಡಬಾರದು ಅಂತ ಚಕ್ಕುಲಿ ಹಾಕಿ ಕೊಟ್ಟೆ.

ಬಸ್ಸು ಪೂರ್ತಿ ಬರ್ತಿಲ್ಲ ಇನ್ನೂ. ಮೈಸೂರಿಗೆ ಇದೆ, ಒಳಗಿನ ಹಳ್ಳಿಗಳಿಗೆ ಹೋಗ್ತಿದ್ದ ಸಂಜೆ ಬಸ್ಸು ಎಷ್ಟೋ ನಿಂತಿವೆ, ಪೆಟ್ರೋಲ್ ನೂರು ದಾಟಿ ಕೂತಿದೆ, ಆಟೋದವ್ರು ಬಾಯಿಗೆ ಬಂದದ್ದು ಕೇಳ್ತಾರೆ.

ಈಗ ಊರಲ್ಲಿ ಇನ್ನೊಂದು ನಡೀತಿದೆ, ಇದು ಯಾವ ರೇಡಿಯೋದಲ್ಲೂ ಬರಲ್ಲ. ಮೇ ತಿಂಗಳಲ್ಲಿ ತೀರಿಕೊಂಡೋರ ಮನೆಗೆ ಆಗ ಯಾರೂ ಹೋಗಿರ್ಲಿಲ್ಲ, ಹನ್ನೊಂದನೇ ದಿನಕ್ಕೂ ಮನೇಲಿದ್ದ ನಾಲ್ಕು ಜನಾನೇ. ಈಗ ಒಬ್ಬೊಬ್ಬರೇ ಮಾತಾಡ್ಸಕ್ಕೆ ಹೋಗ್ತಾ ಇದಾರೆ. ನಾನೂ ಬಸ್ ಸ್ಟ್ಯಾಂಡ್ ಪಕ್ಕದ ಬಳೆ ಅಂಗಡಿ ಮನೆಗೆ ಹೋಗಿದ್ದೆ, ನೀನು ಚಿಕ್ಕೋಳಿದ್ದಾಗ ಬಳೆ ತೊಡಿಸ್ತಿದ್ರಲ್ಲ ಅವರು ಹೋಗ್ಬಿಟ್ರು, ನಿನಗೆ ಆಗ ಹೇಳ್ಲಿಲ್ಲ. ಎರಡು ತಿಂಗಳ ಮೇಲೆ ಹೋದ್ರೆ ಅಳೋದೋ ಬಿಡೋದೋ ಗೊತ್ತಾಗಲ್ಲ ಕಣೇ, ಅವರು ಅತ್ತು ಮುಗಿಸಿರ್ತಾರೆ, ನಮಗೆ ಈಗ ಬರತ್ತೆ. ಅವರ ಸೊಸೆ ಕಾಫಿ ಕೊಟ್ಟು ಅವಳೇ ನನಗೆ ಸಮಾಧಾನ ಹೇಳಿದ್ಲು. ಅಂಗಡಿ ಬಾಗಿಲು ತೆಗೆದಿದಾಳೆ, ಇನ್ನೂ ಬಳೆ ತೊಡಿಸೋದು ಬರಲ್ಲ ಅವಳಿಗೆ, ಕಲೀತಾಳೆ, ನನ್ನ ಕೈಗೆ ಡಜನ್ ತೊಡಿಸೋಷ್ಟರಲ್ಲಿ ಮೂರು ಒಡೆದ್ಲು, ಒಡೆದಿದ್ದಕ್ಕೂ ದುಡ್ಡು ಕೊಟ್ಟು ಬಂದೆ.

ಮಿಕ್ಕಿದ್ದು ರಾಜಕೀಯ. ಯಡಿಯೂರಪ್ಪ ಇರ್ತಾರೋ ಹೋಗ್ತಾರೋ ಅಂತ ಟೀ ಅಂಗಡೀಲಿ ಬೆಟ್ಟಿಂಗು, ನಾಳೆಗೆ ಸರ್ಕಾರಕ್ಕೆ ಎರಡು ವರ್ಷ, ದೆಹಲಿಯಿಂದ ಫೋನ್ ಬಂತಾ ಬಂತಾ ಅಂತ ನಿಮ್ಮಪ್ಪ ಮತ್ತೆ ಟೀವಿ ಹಾಕಿದಾರೆ, ನೋಡು ಗಂಡಸರ ವ್ರತ ಎಷ್ಟು ದಿನ. ನನಗೆ ನಿನ್ನೆ ವಾರ್ತೇಲಿ ಮೀರಾಬಾಯಿ ಚಾನು ಒಲಿಂಪಿಕ್ಸಲ್ಲಿ ಬೆಳ್ಳಿ ಗೆದ್ದಿದ್ದು ಕೇಳಿ ಖುಷಿ ಆಯ್ತು, 49 ಕೆಜಿ ಹುಡುಗಿ ಒಟ್ಟು 202 ಕೆಜಿ ಎತ್ತಿದಾಳೆ. ಬೆಳಗಾವಿ, ಕಾರವಾರ ಕಡೆ ಪ್ರವಾಹ ಅಂತ ಬೇಜಾರು. ಇಲ್ಲೂ ವಯನಾಡಲ್ಲಿ ಮಳೆ ಜೋರು, ಕಬಿನಿ ಒಳಹರಿವು ಹೊರಹರಿವು ಅಂತ ದಿನಾ ಬೆಳಗ್ಗೆ ಹೇಳ್ತಾರೆ, 2284 ಅಡಿ ಆದ್ರೆ ಡ್ಯಾಮು ಫುಲ್ಲು, ಹೊಳೆ ಹತ್ರದ ಗದ್ದೆಯೋರು ಕಿವಿ ಅಲ್ಲೇ ಇಟ್ಟಿರ್ತಾರೆ.

ಯುಗಾದಿಗೂ ನೀನು ಬರ್ಲಿಲ್ಲ. ಆಗಸ್ಟ್ 20 ಶುಕ್ರವಾರ ವರಮಹಾಲಕ್ಷ್ಮಿ, ಈಗಲೇ ರಜಾ ಬರೆದಿಡು. ಕರ್ಫ್ಯೂ ರಾತ್ರಿ ಹತ್ತಕ್ಕೆ, ಮೈಸೂರಿಗೆ ಮಧ್ಯಾಹ್ನ ಎರಡರೊಳಗೆ ಬಂದ್ಬಿಡು, ಕತ್ತಲಾದ್ಮೇಲೆ ಆ ಆಟೋದವ್ರ ಸಹವಾಸ ಬೇಡ. ಬರ್ತಾ ಚಿಕ್ಕಪೇಟೆಯಿಂದ ಲೈನಿಂಗ್ ಬಟ್ಟೆ ಹತ್ತು ಮೀಟರ್ ತಾ, ಇಲ್ಲಿ ರೇಟ್ ಏರಿಸಿದಾರೆ. ನಿನ್ನ ಹಸಿರು ಸೀರೆಗೆ ರವಿಕೆ ಕತ್ತರಿಸ್ಬೇಕು, ಅಳತೆ ಹೋದ ವರ್ಷದ್ದೇ ನನ್ನ ಹತ್ರ ಇರೋದು. ಆ ಪಿಪಿಇ ಕಿಟ್ಟಲ್ಲಿ ಬೆವತು ಇಳಿದಿದ್ರೆ ಈಗಲೇ ಹೇಳ್ಬಿಡು, ಆ ಮದುಮಗಳ ಹಾಗೆ ನನ್ನ ಹತ್ರ ಮುಚ್ಚಿಡಕ್ಕೆ ಆಗಲ್ಲ.

ಇಂತಿ
ಅಮ್ಮ