ಆ ಕೆಸರನ್ನು ಇನ್ನೊಂದು ತಿಂಗಳು ಬಿಡಿ

ಸಂಪಾದಕರಿಗೆ ನಮಸ್ಕಾರ.

ಚಳಿ ಬಿತ್ತೆಂದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಫೋಟೊ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತದೆ. ಹಿಮಾಲಯ ದಾಟಿ ಬಂದ ಪಟ್ಟೆ ತಲೆ ಹೆಬ್ಬಾತುಗಳು, ದಂಡೆಯ ಮೇಲೆ ಕ್ಯಾಮೆರಾ ಹಿಡಿದ ಜನ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಖುಷಿಯೇ. ಆದರೆ ಹಕ್ಕಿಗಳು ಹೊರಡುವ ಸುದ್ದಿ ಮಾತ್ರ ಎಲ್ಲೂ ಕಾಣುವುದಿಲ್ಲ. ಬೀಗರು ಬಂದಾಗ ಚಹಾ ಕೊಟ್ಟು, ಹೋಗುವಾಗ ಬಾಗಿಲ ತನಕವೂ ಬರದಿದ್ದರೆ ಹೇಗೆ?

ಹೆಬ್ಬಾತುಗಳು ಮಾರ್ಚ್ ಹೊತ್ತಿಗೆ ಹೋಗಿಬಿಡುತ್ತವೆ. ಸಣ್ಣ ಹಕ್ಕಿಗಳು ಇನ್ನೂ ಇರುತ್ತವೆ. ಕಳೆದ ಸಲ ಯುಗಾದಿ ಮುಗಿದ ವಾರ ಧಾರವಾಡದ ಹತ್ತಿರದ ಒಂದು ಕೆರೆಗೆ ಹೋಗಿದ್ದೆ. ನೀರು ಹಿಂದೆ ಸರಿದು ದಂಡೆಯುದ್ದಕ್ಕೂ ಕೆಸರು. ಎಮ್ಮೆಗಳ ಕಾಲ ಬುಡದಲ್ಲೇ ಹಳದಿ ಸಿಪಿಲೆಗಳು ಓಡಾಡುತ್ತಿದ್ದವು. ಎಮ್ಮೆ ಕಾಲೆತ್ತಿದರೆ ನೊಣ ಏಳುತ್ತದೆ, ಸಿಪಿಲೆ ಟಕ್ಕನೆ ಹಿಡಿಯುತ್ತದೆ, ಬಾಲ ಕುಣಿಸುತ್ತದೆ. ಮಳೆಗಾಲದ ಕೊನೆಗೆ ಬಂದಾಗ ಎಷ್ಟು ಮಾಸಲಾಗಿದ್ದವು! ಈಗ ಎದೆ, ಹೊಟ್ಟೆಗೆಲ್ಲ ಅರಿಶಿನ ಮೆತ್ತಿದಂತೆ. ಎಮ್ಮೆ ಕಾಯುತ್ತಿದ್ದ ಅಜ್ಜ ನನ್ನ ದುರ್ಬೀನು ನೋಡಿ ನಕ್ಕ: "ಮದಿವಿಗೆ ಹೊಂಟಾವು ಬಿಡ್ರಿ ಸರ." ಪುಸ್ತಕದಲ್ಲಿ ಇರುವುದೂ ಅದೇ. ಊರಿಗೆ ಮರಳಿ ಜೋಡಿ ಕಟ್ಟುವ ಮುಂಚೆ ಅವು ಗರಿ ಬದಲಿಸುತ್ತವೆ.

ಸ್ವಲ್ಪ ಆಚೆ ಲಿಟಲ್ ಸ್ಟಿಂಟ್‌ಗಳಿದ್ದವು. ಗುಬ್ಬಿಯಷ್ಟು ಹಕ್ಕಿ, ತೂಕ 20–30 ಗ್ರಾಂ ಆಸುಪಾಸು. ಇದು ಸೈಬೀರಿಯಾದ ಉತ್ತರ ತುದಿಯವರೆಗೆ ಹೋಗಿ ಮೊಟ್ಟೆ ಇಡಬೇಕು. ಮೈಯಲ್ಲಿ ತುಂಬಿಕೊಂಡ ಕೊಬ್ಬೇ ದಾರಿಯ ಬುತ್ತಿ. ಆ ಬುತ್ತಿ ಕಟ್ಟಿಕೊಳ್ಳುವುದು ನಾವು ಮೂಗು ಮುಚ್ಚಿಕೊಂಡು ದಾಟುವ ಈ ಕೆಸರಿನಲ್ಲಿ. ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೊಕ್ಕು ಆಡುತ್ತಲೇ ಇತ್ತು.

ಮುಂದಿನ ವಾರ ಹೋದರೆ ಅಲ್ಲಿ ಜೆಸಿಬಿ. ದಂಡೆಯನ್ನೆಲ್ಲ ಕೆರೆದು ಹಾಕಿದ್ದರು. ಎಮ್ಮೆಗಳೂ ಇಲ್ಲ, ಹಕ್ಕಿಗಳೂ ಇಲ್ಲ.

ಹೂಳೆತ್ತುವುದು ಬೇಡ ಅನ್ನುತ್ತಿಲ್ಲ. ಬೇಸಿಗೆ ಬಿಟ್ಟರೆ ಇನ್ಯಾವಾಗ ಎತ್ತುತ್ತಾರೆ? ಆ ಮಣ್ಣು ಹೊಲಕ್ಕೆ ಎಷ್ಟು ಒಳ್ಳೆಯದು ಅಂತ ನನಗೂ ಗೊತ್ತು, ನಾನೂ ಒಕ್ಕಲುತನದ ಮನೆಯವನೇ. ಆದರೆ ನಾಲ್ಕೂ ಕಡೆ ಒಮ್ಮೆಲೇ ಯಾಕೆ? ಒಡ್ಡಿನ ಕಡೆಯಿಂದ ಶುರು ಮಾಡಿ. ನೀರು ಸರಿಯುವ ಇಳಿಜಾರು ದಂಡೆಯನ್ನು ಮೇ ಮೊದಲ ವಾರದವರೆಗೆ ಬಿಡಿ. ಮುಂಗಾರಿಗೆ ಆಮೇಲೂ ತಿಂಗಳು ಉಳಿಯುತ್ತದೆ. ಮತ್ತೆ, ಸುತ್ತಲೂ ಕಲ್ಲು ಕಟ್ಟಿ ವಾಕಿಂಗ್ ಪಾತ್ ಮಾಡುವ ಹುಚ್ಚು ಸ್ವಲ್ಪ ಕಡಿಮೆಯಾಗಲಿ. ಸ್ಟಿಂಟ್‌ನ ಕಾಲು ನನ್ನ ಕಿರುಬೆರಳಿಗಿಂತ ಗಿಡ್ಡ. ಕಡಿದಾದ ಕಲ್ಲಿನ ದಂಡೆಯಲ್ಲಿ ಅದು ಎಲ್ಲಿ ನಿಲ್ಲಬೇಕು?

ನಿಮ್ಮಲ್ಲೂ ಒಂದು ಕೋರಿಕೆ. ಬರುವ ಏಪ್ರಿಲ್‌ನಲ್ಲಿ ಒಂದು ದಿನ ನಿಮ್ಮ ಫೋಟೊಗ್ರಾಫರ್‌ನ್ನು ಬೆಳಿಗ್ಗೆ ಆರೂವರೆಗೆ ಕೆಲಗೇರಿ ಕೆರೆಗೆ ಕಳಿಸಿ. ದುಬಾರಿ ಲೆನ್ಸ್ ಬೇಡ. ಎಮ್ಮೆಗಳಿರುವ ಕಡೆ ಸುಮ್ನೆ ಹತ್ತು ನಿಮಿಷ ಕೂತರೆ ಸಾಕು.

— ಒಬ್ಬ ಓದುಗ, ಧಾರವಾಡ